ಅರಳೆ ಎಳೆ ಯಾಕೆ ಹಾರಿತು?

ರಾಯಚೂರಿನ ಫೆಬ್ರುವರಿ, ಮಾರ್ಚ್ ತಿಂಗಳ ಗಾಳಿ ಗೊತ್ತಲ್ವಾ? ತುಟಿ ಒಡೆಯುವಷ್ಟು ಒಣ. ಅಂಥ ದಿನ ಪ್ಲಾಸ್ಟಿಕ್ ಬಾಚಣಿಗೆಯಿಂದ ತಲೆ ಬಾಚಿಕೊಂಡು, ಅದನ್ನು ಅರಳೆಯ ಒಂದು ಎಳೆಯ ಹತ್ತಿರ ತನ್ನಿ. ಇನ್ನೂ ಎರಡು ಬೆರಳು ದೂರ ಇರುವಾಗಲೇ ಎಳೆ ತಲೆ ಎತ್ತುತ್ತದೆ. ತುಸು ತೂಗಾಡುತ್ತದೆ. ಆಮೇಲೆ ಟಪ್ಪನೆ ಹಾರಿ ಬಾಚಣಿಗೆಗೆ ಅಂಟುತ್ತದೆ. ನಡುವೆ ದಾರ ಇಲ್ಲ, ಏನೂ ಇಲ್ಲ. ಹಾಗಾದರೆ ಎಳೆದದ್ದು ಯಾವುದು?

ತಲೆ ಬಾಚುವಾಗ ಉಜ್ಜಿ ಬಾಚಣಿಗೆಗೆ ವಿದ್ಯುತ್ತಿನ ಚಾರ್ಜ್ ಬಂದಿರುತ್ತದೆ. 1785ರಲ್ಲಿ ಫ್ರಾನ್ಸಿನ ಕೂಲಂಬ್ ಚಾರ್ಜ್‌ಗಳ ನಡುವಿನ ಬಲವನ್ನು ಅಳೆದು ತೋರಿಸಿದರು. ಎರಡು ಚಾರ್ಜ್‌ಗಳ ನಡುವಿನ ದೂರ ಎರಡು ಪಟ್ಟಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಲೆಕ್ಕ ಸರಿ. ಆದರೆ ನಡುವಿನ ಜಾಗದಲ್ಲಿ ಏನಾಗುತ್ತದೆ ಅಂತ ಆ ಲೆಕ್ಕ ಹೇಳುವುದಿಲ್ಲ. ಅದನ್ನು ಕೇಳಿಕೊಂಡವರು ಮೈಕೆಲ್ ಫ್ಯಾರಡೆ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿತು ಬೆಳೆದ ಹುಡುಗ. ಅವರ ಪ್ರಕಾರ ಚಾರ್ಜ್ ಮೊದಲು ತನ್ನ ಸುತ್ತಲಿನ ಜಾಗವನ್ನೇ ಬದಲಾಯಿಸುತ್ತದೆ. ಆ ಬದಲಾವಣೆಯೇ ವಿದ್ಯುತ್ ಕ್ಷೇತ್ರ. ಎಳೆಗೆ ದೂರದ ಬಾಚಣಿಗೆ ಗೊತ್ತಿಲ್ಲ, ತಾನಿರುವ ಜಾಗ ಮಾತ್ರ ಗೊತ್ತು. ಇದು ಸುಮ್ನೆ ಮಾತಿನ ಚಮತ್ಕಾರ ಅಂದುಕೊಳ್ಳಬೇಡಿ. ಬಾಚಣಿಗೆಯನ್ನು ಸರಕ್ಕನೆ ಹಿಂದೆ ತೆಗೆದರೆ ಆ ಸುದ್ದಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ವೇಗದಲ್ಲಿ ಸಾಗಿ ಎಳೆಯನ್ನು ಮುಟ್ಟಬೇಕು. ಅಷ್ಟರವರೆಗೆ ಎಳೆ ಹಳೆಯ ಕ್ಷೇತ್ರದ ಮಾತನ್ನೇ ಕೇಳುತ್ತಿರುತ್ತದೆ.

ಎಳೆಯಲ್ಲಿ ಹೆಚ್ಚುವರಿ ಚಾರ್ಜೇ ಇಲ್ಲವಲ್ಲ, ಅದು ಯಾಕೆ ಹಾರಬೇಕು? ನನಗೆ ತುಂಬ ಇಷ್ಟವಾದ ಭಾಗ ಇದು. ಬಾಚಣಿಗೆ ನೆಗೆಟಿವ್ ಆಗಿದ್ದರೆ ಎಳೆಯೊಳಗಿನ ನೆಗೆಟಿವ್ ಚಾರ್ಜ್ ಕೂದಲೆಳೆಗಿಂತ ಎಷ್ಟೋ ಕಡಿಮೆ ಅಂತರ ಆಚೆ ಸರಿಯುತ್ತದೆ. ಪಾಸಿಟಿವ್ ಈಚೆ ಉಳಿಯುತ್ತದೆ. ಈಚೆ ತುದಿಯಲ್ಲಿ ಕ್ಷೇತ್ರ ಜಾಸ್ತಿ, ಆಚೆ ತುದಿಯಲ್ಲಿ ಕಡಿಮೆ. ಹಾಗಾಗಿ ಎಳೆತ ಗೆಲ್ಲುತ್ತದೆ. ಕ್ಷೇತ್ರ ಎಲ್ಲ ಕಡೆ ಒಂದೇ ಸಮ ಇದ್ದಿದ್ದರೆ ಎಳೆ ನೆಟ್ಟಗೆ ನಿಂತೀತು, ಹಾರುತ್ತಿರಲಿಲ್ಲ.

ಈ ಹೆಚ್ಚುಕಡಿಮೆಯಿಂದ ದೊಡ್ಡ ಕೆಲಸವನ್ನೇ ಮಾಡಿಸಬಹುದು. ರಾಯಚೂರು ಬಳಿಯ ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದಾಗ ಹೊಗೆಯ ಜೊತೆ ಹಾರುಬೂದಿ ಏಳುತ್ತದೆ. ಹೊಗೆ ಚಿಮಣಿ ಸೇರುವ ಮೊದಲು ಎತ್ತರದ ಲೋಹದ ತಗಡುಗಳ ನಡುವೆ ಹಾಯುತ್ತದೆ. ಅಲ್ಲಿ ಹತ್ತಾರು ಸಾವಿರ ವೋಲ್ಟಿನ ತೆಳು ತಂತಿಗಳಿರುತ್ತವೆ. ತೆಳು ಯಾಕೆ? ಕ್ಷೇತ್ರವನ್ನು ಗೆರೆಗಳಾಗಿ ಕಲ್ಪಿಸಿಕೊಳ್ಳುವುದನ್ನು ಕಲಿಸಿದ್ದು ಫ್ಯಾರಡೆ. ಗೆರೆ ಒತ್ತಾದಲ್ಲಿ ಕ್ಷೇತ್ರ ಜೋರು. ಅಷ್ಟೂ ಗೆರೆ ಒಂದು ಸಪೂರ ತಂತಿಯ ಮೈಮೇಲೆ ಸೇರಬೇಕಾದರೆ, ಜಾತ್ರೆಯ ದಿನ ಗುಡಿ ಬಾಗಿಲಲ್ಲಿ ಜನ ಒತ್ತಿದ ಹಾಗೆ ಆಗುತ್ತದೆ. ಸಾಧಾರಣ ಗಾಳಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್‌ವರೆಗೆ ತಡೆಯುತ್ತದೆ. ಮಿತಿ ದಾಟಿದರೆ ಅದರ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಬರುತ್ತವೆ. ತಂತಿಯ ಸುತ್ತಲಿನ ಬಿಸಿ ಹೊಗೆಯಲ್ಲೂ ಹೀಗೇ ಆಗುತ್ತದೆ. ಆ ನೆಗೆಟಿವ್ ಚಾರ್ಜ್ ಅಂಟಿ ಬೂದಿಯ ಕಣಗಳೂ ನೆಗೆಟಿವ್ ಆಗಿ ತಗಡಿನ ಕಡೆ ಓಡುತ್ತವೆ. ಆಗಾಗ ಸುತ್ತಿಗೆ ತಗಡನ್ನು ಬಡಿಯುತ್ತದೆ, ಬೂದಿ ಪದರ ಪದರವಾಗಿ ಕೆಳಗೆ ಉದುರುತ್ತದೆ. ಮುಂದೆ ಅದೇ ಸಿಮೆಂಟು, ಇಟ್ಟಿಗೆ.

ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕಿಲೋವೋಲ್ಟ್ ಲೈನು ಹೋಗಿದೆ. 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್, ಅಂದರೆ ವಿದ್ಯುತ್ ಜಾಲ, ದೇಶದ ಉಳಿದ ಗ್ರಿಡ್ ಜೊತೆ ಕೂಡಿಕೊಂಡದ್ದು ಈ ದಾರಿಯಲ್ಲೇ. ಇಲ್ಲಿ ಬೇಕಾದದ್ದು ಪೂರ್ತಿ ಉಲ್ಟಾ. ಗಾಳಿ ಒಡೆಯಬಾರದು, ಕರೆಂಟ್ ಸೋರಬಾರದು. ಅದಕ್ಕೇ ಒಂದೊಂದು ಫೇಸಿಗೂ ಒಂದೇ ತಂತಿಯ ಬದಲು ಹಲವು ತಂತಿಗಳ ಕಟ್ಟು. ದೂರದಿಂದ ಕ್ಷೇತ್ರಕ್ಕೆ ಅದು ಒಂದೇ ದಪ್ಪ ತಂತಿಯಂತೆ, ಹಾಗಾಗಿ ಗೆರೆಗಳು ಸಡಿಲವಾಗಿ ಹರಡುತ್ತವೆ.

ಆದರೂ ಜಿಟಿಜಿಟಿ ಮಳೆ ಬಂದಾಗ ಇಂಥ ಲೈನು ಚರ್ರ್ ಅನ್ನುತ್ತದೆ. ಪ್ರತಿ ತಂತಿಯ ಕೆಳಗೆ ಹನಿಗಳು ಸಾಲಾಗಿ ಜೋತು ಬಿದ್ದಿರುತ್ತವೆ. ಒಂದೊಂದು ಹನಿಯ ತುದಿಯೂ ಚೂಪು. ಗೆರೆಗಳು ಮತ್ತೆ ಅಲ್ಲಿ ಒತ್ತಾಗಿ ಸೇರುತ್ತವೆ.