ಅರೈವಲ್ ಕಾರ್ಡ್ ತುಂಬಿದರೆ ವೀಸಾ ಬೇಡವಾ? ಮಷಿನ್ ಗೇಟ್‌ನಲ್ಲಿ ಅವ್ವನನ್ನು ಕಳಿಸಬಹುದಾ?

ಪ್ರಶ್ನೆ: ನಾವು ಗದಗಿನವರು. ಅಪ್ಪ, ಅವ್ವನನ್ನು ಕರೆದುಕೊಂಡು ಸಿಂಗಾಪುರ, ಮಲೇಷ್ಯಾ ನೋಡಿಕೊಂಡು ಬರಬೇಕು ಅಂತಿದೆ. ಹೋಗುವ ಮೊದಲು ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕಂತೆ. ಒಬ್ಬರು ಅದಕ್ಕೆ ತಲೆಗೆ ಇಷ್ಟು ಅಂತ ಫೀ ಇದೆ ಎನ್ನುತ್ತಾರೆ. ಇನ್ನೊಬ್ಬರು ಕಾರ್ಡ್ ಇದ್ದರೆ ವೀಸಾನೇ ಬೇಡ ಎನ್ನುತ್ತಾರೆ. ಏರ್‌ಪೋರ್ಟ್‌ನಲ್ಲಿ ಅಧಿಕಾರಿ ಬದಲು ಈಗ ಮಷಿನ್ ಗೇಟ್ ಇದೆಯಂತೆ. ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸೋಣ. ಕಾರ್ಡ್‌ಗೆ ಫೀ ಇಲ್ಲ. ಸಿಂಗಾಪುರದ್ದು ಉಚಿತ, ಮಲೇಷ್ಯಾದ್ದು ಉಚಿತ, ಮುಂದೆ ಎಂದಾದರೂ ಥಾಯ್ಲೆಂಡಿಗೆ ಹೋದರೆ ಅಲ್ಲಿಯದೂ ಉಚಿತ. ನಿಮ್ಮ ಪರವಾಗಿ ಕುಳಿತು ತುಂಬಿಕೊಟ್ಟವರಿಗೆ ಅವರ ಶ್ರಮಕ್ಕೆಂದು ನೂರು ರೂಪಾಯಿ ಕೊಟ್ಟರೆ ಅದು ಬೇರೆ ಮಾತು. ಆದರೆ 'ಇದು ಸರ್ಕಾರದ ಫೀ' ಎಂದು ಯಾರಾದರೂ ಕೇಳಿದರೆ ಕೊಡಬೇಡಿ.

ಇನ್ನು ವೀಸಾ. ಊರು ಬಿಟ್ಟು ಹೋದಾಗ ಲಾಡ್ಜಿನಲ್ಲಿ ರಿಜಿಸ್ಟರ್ ಬರೆಸಿಕೊಳ್ಳುತ್ತಾರೆ ಅಲ್ವಾ? ಹೆಸರು, ಊರು, ಎಲ್ಲಿಂದ ಬಂದಿರಿ, ಎಷ್ಟು ದಿನ ಇರುತ್ತೀರಿ. ಅರೈವಲ್ ಕಾರ್ಡ್ ಎಂದರೆ ಅಷ್ಟೇ. ರಿಜಿಸ್ಟರ್ ಬರೆದ ಮಾತ್ರಕ್ಕೆ ರೂಮು ಬುಕ್ ಆಗುವುದಿಲ್ಲ. ಭಾರತೀಯ ಪಾಸ್‌ಪೋರ್ಟ್ ಇದ್ದವರಿಗೆ ಸಿಂಗಾಪುರಕ್ಕೆ ವೀಸಾ ಬೇಕೇ ಬೇಕು, ಅದರ ಮೇಲೆ ಕಾರ್ಡ್ ಕೂಡ ಬೇಕು. ಮಲೇಷ್ಯಾ ಮಾತ್ರ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಇಲ್ಲದೆ ಬಿಡುತ್ತಿದೆ. ಈ ಸೌಲಭ್ಯವನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಿದ್ದಾರೆ. ಕಾರ್ಡ್ ಅಲ್ಲೂ ಕಡ್ಡಾಯ. 'ಕಾರ್ಡ್ ಇದ್ದರೆ ವೀಸಾ ಬೇಡ' ಎಂದು ನಿಮಗೆ ಹೇಳಿದವರು ಬಹುಶಃ ಮಲೇಷ್ಯಾಕ್ಕೆ ಹೋಗಿ ಬಂದವರಿರಬೇಕು. ಅಲ್ಲಿ ವೀಸಾ ಬೇಡವಾಗಿದ್ದಕ್ಕೂ ಕಾರ್ಡ್‌ಗೂ ಸಂಬಂಧವಿಲ್ಲ.

ಯಾವಾಗ ತುಂಬಬೇಕು ಎನ್ನುವುದು ಮುಖ್ಯ. ಮೂರೂ ದೇಶಗಳ ನಿಯಮ ಹೆಚ್ಚೂಕಡಿಮೆ ಒಂದೇ: ಅಲ್ಲಿಗೆ ಮುಟ್ಟುವ ಮೊದಲಿನ 3 ದಿನಗಳ ಒಳಗೆ. ಸಿಂಗಾಪುರದ ಲೆಕ್ಕದಲ್ಲಿ ಮುಟ್ಟುವ ದಿನವೂ ಸೇರುತ್ತದೆ. 15ನೇ ತಾರೀಖು ಇಳಿಯುವುದಾದರೆ 13ರಿಂದ ತುಂಬಬಹುದು. ತಿಂಗಳ ಮೊದಲೇ ಟಿಕೆಟ್ ಜೊತೆ 'ಕಾರ್ಡ್ ಕೂಡ ಮಾಡಿಸಿಬಿಟ್ಟಿದ್ದೇವೆ' ಎಂದು ಯಾರಾದರೂ ಹೇಳಿದರೆ ಸ್ವಲ್ಪ ವಿಚಾರಿಸಿ. ಹಾಗೆಯೇ ಬೆಂಗಳೂರಿನ ಏರ್‌ಪೋರ್ಟ್‌ನಲ್ಲಿ ಚೆಕ್-ಇನ್ ಸಾಲಿನಲ್ಲಿ ನಿಂತು, ಒಂದು ಕೈಯಲ್ಲಿ ಲಗೇಜು ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ತುಂಬುವ ಕೆಲಸವೂ ಇದಲ್ಲ. ಗದಗಿನಿಂದ ಹೊರಡುವ ಹಿಂದಿನ ದಿನ ರಾತ್ರಿ, ಊಟ ಮುಗಿಸಿ, ಎಲ್ಲರ ಪಾಸ್‌ಪೋರ್ಟ್ ಮುಂದೆ ಇಟ್ಟುಕೊಂಡು ಕುಳಿತರೆ ಅರ್ಧ ತಾಸಿನ ಕೆಲಸ.

ಕಾರ್ಡ್ ಸಿಗುವುದು ಆಯಾ ದೇಶದ ಇಮಿಗ್ರೇಷನ್ ವೆಬ್‌ಸೈಟ್‌ನಲ್ಲಿ. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಜಾಹೀರಾತಾಗಿ ಬರುವ ಎಷ್ಟೋ ಸೈಟ್‌ಗಳು ನೋಡಲು ಸರ್ಕಾರದ್ದರಂತೆಯೇ ಇರುತ್ತವೆ. ಅವು ಡಾಲರ್ ಲೆಕ್ಕದಲ್ಲಿ ದುಡ್ಡು ಕೇಳುತ್ತವೆ. ವಿಳಾಸದ ಕೊನೆ ನೋಡಿ. ಸಿಂಗಾಪುರದ್ದು 'ಡಾಟ್ ಗವ್ ಡಾಟ್ ಎಸ್‌ಜಿ', ಮಲೇಷ್ಯಾದ್ದು 'ಡಾಟ್ ಗವ್ ಡಾಟ್ ಎಂವೈ', ಥಾಯ್ಲೆಂಡಿನದು 'ಡಾಟ್ ಗೋ ಡಾಟ್ ಟಿಎಚ್' ಎಂದು ಮುಗಿಯಬೇಕು. ದುಡ್ಡು ಕಟ್ಟಲು ಬ್ಯಾಂಕ್ ಕಾರ್ಡ್ ನಂಬರ್ ಕೇಳುವ ಪುಟ ಬಂತು ಎಂದರೆ ನೀವು ತಪ್ಪು ಜಾಗದಲ್ಲಿದ್ದೀರಿ, ಅಲ್ಲಿಗೇ ನಿಲ್ಲಿಸಿ. ಹೋಗುವುದು ಬರೀ ದುಡ್ಡಲ್ಲ. ಅಪ್ಪ-ಅವ್ವನ ಪಾಸ್‌ಪೋರ್ಟ್ ವಿವರ ಯಾರದೋ ಕೈಗೆ ಸಿಗುತ್ತದೆ. ನನಗೆ ಅದೇ ಹೆಚ್ಚು ಚಿಂತೆ.

ಹೆಸರಿನಲ್ಲಿ ನಮ್ಮ ಕಡೆಯ ತೊಡಕು

ನಮ್ಮ ಭಾಗದ ಜನ ಎಡವುವುದು ಹೆಸರಿನಲ್ಲಿ. 'ಅವ್ವ' ಎಂದು ಮುಗಿಯುವ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬರು ಎರಡು 'ವಿ' ಹಾಕಿ ಬರೆಯುತ್ತಾರೆ, ಒಬ್ಬರು ಎರಡು 'ಡಬ್ಲ್ಯೂ' ಹಾಕುತ್ತಾರೆ, ಮತ್ತೊಬ್ಬರು ಒಂದೇ ಅಕ್ಷರಕ್ಕೆ ಮುಗಿಸುತ್ತಾರೆ. 'ಅಪ್ಪ'ನಲ್ಲಿ 'ಪಿ' ಒಂದೋ ಎರಡೋ. ಆಧಾರ್‌ನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನ್ನೊಂದು ಥರ. ಕಾರ್ಡ್ ತುಂಬುವಾಗ ಇವೆಲ್ಲ ಬದಿಗಿಡಿ. ಪಾಸ್‌ಪೋರ್ಟಿನಲ್ಲಿ ಏನಿದೆಯೋ ಅದನ್ನೇ, ಅಕ್ಷರಕ್ಕೆ ಅಕ್ಷರ, ಬರೆಯಿರಿ. ಅಲ್ಲಿಯ ಕಾಗುಣಿತವೇ ತಪ್ಪಿದ್ದರೂ ಕಾರ್ಡ್‌ನಲ್ಲಿ ತಿದ್ದಲು ಹೋಗಬೇಡಿ.

ಮನೆತನದ ಹೆಸರಿನದು ಇನ್ನೊಂದು ಕತೆ. ಪಾಟೀಲ, ಅಂಗಡಿ, ಹಿರೇಮಠ ಎಂದು ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಸರಿಯಾಗಿ ಕುಳಿತಿರುತ್ತದೆ. ಕೆಲವರದು ಹೆಸರು, ತಂದೆ ಹೆಸರು, ಅಡ್ಡಹೆಸರು ಮೂರೂ ಒಂದೇ ಸಾಲಿನಲ್ಲಿದ್ದು ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಅನುಮಾನ ಬಂದರೆ ಫೋಟೊ ಇರುವ ಪುಟದ ಕೆಳಗೆ ಎರಡು ಉದ್ದನೆಯ ಸಾಲುಗಳನ್ನು ನೋಡಿ. ಒಂದೊಂದರಲ್ಲಿ 44 ಅಕ್ಷರ-ಚಿಹ್ನೆಗಳಿರುತ್ತವೆ. ಜಗತ್ತಿನ ಎಲ್ಲಾ ಇಮಿಗ್ರೇಷನ್ ಮಷಿನ್‌ಗಳು ಓದುವುದು ಈ ಸಾಲುಗಳನ್ನೇ. ಮೇಲಿನ ಸಾಲಿನಲ್ಲಿ ದೇಶದ ಮೂರು ಅಕ್ಷರ ಆದಮೇಲೆ ಮೊದಲು ಬರುವುದು ಸರ್‌ನೇಮ್, ನಂತರ ಎರಡು ಬಾಣದಂಥ ಗುರುತು, ಆಮೇಲೆ ಉಳಿದ ಹೆಸರು. ಆ ಭಾಗ ಹೇಗಿದೆಯೋ ಕಾರ್ಡ್‌ನಲ್ಲೂ ಹಾಗೆಯೇ ಇರಲಿ.

ಪಾಸ್‌ಪೋರ್ಟ್ ನಂಬರ್‌ನಲ್ಲಿ ಮೊದಲನೆಯದು ಮಾತ್ರ ಇಂಗ್ಲಿಷ್ ಅಕ್ಷರ, ಉಳಿದ 7 ಅಂಕಿಗಳು. ಹಾಗಾಗಿ ನಡುವೆ ಕಾಣುವುದು ಯಾವತ್ತೂ ಸೊನ್ನೆ, 'ಓ' ಅಲ್ಲ. ಅಪ್ಪನ ಹಳೆಯ ಪಾಸ್‌ಪೋರ್ಟ್ ಅವಧಿ ಮುಗಿದು, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೊಸದು ಮಾಡಿಸಿದ್ದರೆ ನಂಬರೂ ಬದಲಾಗಿರುತ್ತದೆ. ಮೊಬೈಲಿನಲ್ಲಿ ಉಳಿದ ಹಳೆಯ ಫೋಟೊ ನೋಡಿ ತುಂಬಬೇಡಿ. ಇಮಿಗ್ರೇಷನ್ ಕಂಪ್ಯೂಟರ್ ನಿಮ್ಮ ಕಾರ್ಡನ್ನು ಹುಡುಕುವುದೇ ಪಾಸ್‌ಪೋರ್ಟ್ ನಂಬರಿನ ಮೇಲೆ. ಒಂದು ಅಂಕಿ ತಪ್ಪಿದರೂ ಅದರ ಪಾಲಿಗೆ ನೀವು ಕಾರ್ಡ್ ತುಂಬೇ ಇಲ್ಲ. ಕಳಿಸಿದ ಮೇಲೆ ಇಂಥ ತಪ್ಪು ಕಂಡರೆ ಗಾಬರಿ ಬೇಡ. ಸರಿಯಾದ ವಿವರ ಹಾಕಿ ಹೊಸದಾಗಿ ಇನ್ನೊಂದು ಕಳಿಸಿದರಾಯಿತು.

ಉಳಿದವು ಸಣ್ಣ ಸಣ್ಣವು. 'ಕೊನೆಯದಾಗಿ ವಿಮಾನ ಹತ್ತಿದ ಊರು' ಎಂದು ಕೇಳಿದರೆ ಹುಬ್ಬಳ್ಳಿ ಅಲ್ಲ, ಬೆಂಗಳೂರು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲೇ ಹೋದರೂ ಹಾಗೆಯೇ, ಏಕೆಂದರೆ ದೇಶ ಬಿಡುವುದು ಬೆಂಗಳೂರಿನಿಂದ. ಮಲೇಷ್ಯಾದ ಕಾರ್ಡ್‌ನಲ್ಲಿ ಅದು ಸಿಂಗಾಪುರ ಆಗುತ್ತದೆ. ವಿಳಾಸದ ಜಾಗದಲ್ಲಿ ಮೊದಲ ರಾತ್ರಿ ತಂಗುವ ಹೋಟೆಲ್ ಹಾಕಿ. ತಾರೀಖಿನ ಬಗ್ಗೆ ಮಾತ್ರ ಎರಡು ಸಲ ಯೋಚಿಸಿ. ಬೆಂಗಳೂರಿನಿಂದ ಆ ಕಡೆಗೆ ಹೋಗುವ ಎಷ್ಟೋ ವಿಮಾನಗಳು ರಾತ್ರಿ ಹೊರಟು ಬೆಳಗ್ಗೆ ಮುಟ್ಟುತ್ತವೆ. ಸಿಂಗಾಪುರ, ಮಲೇಷ್ಯಾ ನಮಗಿಂತ ಎರಡೂವರೆ ತಾಸು ಮುಂದೆ, ಥಾಯ್ಲೆಂಡ್ ಒಂದೂವರೆ ತಾಸು ಮುಂದೆ. ಕಾರ್ಡ್‌ಗೆ ಬೇಕಾದದ್ದು ಹೊರಡುವ ತಾರೀಖಲ್ಲ, ಅಲ್ಲಿ ಇಳಿಯುವ ತಾರೀಖು.

ಇಮೇಲ್ ಜಾಗದಲ್ಲಿ ನಿಮ್ಮದೇ ಇಮೇಲ್ ಕೊಡಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಸಿಂಗಾಪುರದಲ್ಲಿ ಈಗ ಪಾಸ್‌ಪೋರ್ಟ್ ಮೇಲೆ ಠಸ್ಸೆ ಒತ್ತುವುದಿಲ್ಲ. ಒಳಗೆ ಬಿಟ್ಟ ಮೇಲೆ, ಯಾವ ದಿನದವರೆಗೆ ಇರಬಹುದು ಎಂಬ ಇ-ಪಾಸ್ ಇಮೇಲ್‌ಗೆ ಬರುತ್ತದೆ. ತುಂಬಿಕೊಟ್ಟ ಏಜೆಂಟರು ತಮ್ಮ ಇಮೇಲ್ ಹಾಕಿದ್ದರೆ ಆ ಪಾಸ್ ಅವರ ಬಳಿ ಹುಬ್ಬಳ್ಳಿಯಲ್ಲಿ ಇರುತ್ತದೆ, ನೀವು ಸಿಂಗಾಪುರದಲ್ಲಿರುತ್ತೀರಿ. ಅಪ್ಪ-ಅವ್ವನ ಕಾರ್ಡ್‌ಗೂ ನಿಮ್ಮ ಇಮೇಲನ್ನೇ ಹಾಕಬಹುದು. ಸಣ್ಣ ಮಕ್ಕಳಿದ್ದರೆ ಅವರಿಗೂ ಬೇರೆ ಕಾರ್ಡ್ ಬೇಕು. ಮನೆಯವರನ್ನೆಲ್ಲ ಒಂದೇ ಸಲ ಸೇರಿಸಿ ತುಂಬುವ ಸೌಲಭ್ಯ ಸಿಂಗಾಪುರದ ಕಾರ್ಡ್‌ನಲ್ಲಿದೆ.

ನಿಮ್ಮದು ಎರಡು ದೇಶದ ಪ್ರಯಾಣ, ಅದಕ್ಕೇ ಒಂದು ಮಾತು ಜಾಸ್ತಿ ಹೇಳಬೇಕು. ಸಿಂಗಾಪುರ ನೋಡಿ, ಬಸ್ಸಿನಲ್ಲಿ ಮಲೇಷ್ಯಾಕ್ಕೆ ಹೋಗಿ, ಮತ್ತೆ ಸಿಂಗಾಪುರಕ್ಕೆ ಬಂದು ಅಲ್ಲಿಂದ ಬೆಂಗಳೂರಿಗೆ ವಿಮಾನ ಹತ್ತುವವರು ತುಂಬ ಜನ. ಹಾಗೆ ಮಾಡಿದರೆ ಸಿಂಗಾಪುರದೊಳಗೆ ಎರಡು ಸಲ ಕಾಲಿಡುತ್ತೀರಿ, ಎರಡು ಸಲವೂ ಹೊಸ ಕಾರ್ಡ್ ಬೇಕು. ನಡುವೆ ಮಲೇಷ್ಯಾದ್ದೊಂದು. ಬಸ್ಸಿನಲ್ಲಿ ಗಡಿ ದಾಟಿದರೂ ಇದೇ ನಿಯಮ. ಎರಡನೇ ಕಾರ್ಡನ್ನು ಮಲೇಷ್ಯಾದ ಹೋಟೆಲಿನಲ್ಲಿ ಕುಳಿತು ತುಂಬಬೇಕಾಗಬಹುದು, ಮೊಬೈಲ್ ಇಂಟರ್ನೆಟ್ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಸಿಂಗಾಪುರದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವಂಥದ್ದೇ ಎಂದು ನೋಡಿಕೊಳ್ಳಿ. ಎಲ್ಲರ ಪಾಸ್‌ಪೋರ್ಟಿಗೂ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು.

ಇನ್ನು ಮಷಿನ್ ಗೇಟ್

ಗೇಟ್ ಮಾಡುವ ಕೆಲಸ ಏನೂ ನಿಗೂಢವಲ್ಲ. ಪಾಸ್‌ಪೋರ್ಟಿನ ಫೋಟೊ ಪುಟವನ್ನು ಗಾಜಿನ ಮೇಲೆ ಇಡುತ್ತೀರಿ. ಅದು ಮೇಲೆ ಹೇಳಿದ ಎರಡು ಸಾಲು ಓದುತ್ತದೆ, ದಾಖಲೆಗಳಲ್ಲಿ ಹುಡುಕುತ್ತದೆ. ಎಲ್ಲಾ ಸರಿಯಿದ್ದರೆ ಮೊದಲ ಬಾಗಿಲು ತೆರೆಯುತ್ತದೆ. ಒಳಗೆ ಕ್ಯಾಮೆರಾ ನಿಮ್ಮ ಮುಖ ನೋಡುತ್ತದೆ. ಪಾಸ್‌ಪೋರ್ಟಿನವರೇ ಇವರು ಎಂದು ತಾಳೆಯಾದರೆ ಎರಡನೇ ಬಾಗಿಲು ತೆರೆಯುತ್ತದೆ. ಸಿಂಗಾಪುರದಲ್ಲಿ ಮುಖದ ಜೊತೆ ಕಣ್ಣಿನ ಪಾಪೆಯನ್ನೂ ನೋಡುತ್ತಾರೆ. ಚಾಂಗಿ ಏರ್‌ಪೋರ್ಟ್‌ನಲ್ಲಿ ಈ ಗೇಟುಗಳು 6 ವರ್ಷ ದಾಟಿದ ವಿದೇಶಿ ಪ್ರವಾಸಿಗರಿಗೂ ಇವೆ, ಮೊದಲೇ ಹೆಸರು ನೋಂದಾಯಿಸಬೇಕಿಲ್ಲ. ಕಾರ್ಡ್ ಸರಿಯಾಗಿ ತುಂಬಿದ್ದರೆ ಸಾಕು. ಮಲೇಷ್ಯಾದಲ್ಲಿ ಯಾವ ದೇಶದವರು ಗೇಟ್ ಬಳಸಬಹುದು ಎಂಬ ಪಟ್ಟಿಯೇ ಇರುತ್ತದೆ. ಅಲ್ಲಿ ಸಿಬ್ಬಂದಿ ತೋರಿಸಿದ ಸಾಲಿಗೆ ಹೋಗಿ.

ಅವ್ವನನ್ನು ಕಳಿಸಬಹುದಾ ಎಂದರೆ, ಖಂಡಿತ ಕಳಿಸಬಹುದು. ಓದುವ ಕೆಲಸ ಅಲ್ಲಿ ಕಡಿಮೆ, ನೋಡಿ ಮಾಡುವ ಕೆಲಸ ಜಾಸ್ತಿ. ಗೇಟಿನೊಳಗೆ ಒಂದು ಸಲಕ್ಕೆ ಒಬ್ಬರೇ, ಕೈ ಹಿಡಿದುಕೊಂಡು ಇಬ್ಬರು ಹೋಗುವಂತಿಲ್ಲ ಎಂದು ಮನೆಯಲ್ಲೇ ಹೇಳಿಕೊಡಿ. ಪಾಸ್‌ಪೋರ್ಟಿಗೆ ಹಾಕಿದ ಕವರ್ ತೆಗೆದಿರಲಿ. ಕನ್ನಡಕ, ಟೋಪಿ ತೆಗೆದು ಕ್ಯಾಮೆರಾ ನೇರ ನೋಡಿ ನಿಲ್ಲಬೇಕು. ಮನೆಯವರಲ್ಲಿ ಒಬ್ಬರು ಮುಂದೆ ದಾಟಿ ಆ ಕಡೆ ನಿಲ್ಲಿ, ಇನ್ನೊಬ್ಬರು ಅವ್ವನ ಹಿಂದೆ ಇರಿ. ಬಾಗಿಲು ತೆರೆಯದಿದ್ದರೆ ಸಿಬ್ಬಂದಿ ಬಂದು ಕೌಂಟರಿಗೆ ಕರೆದುಕೊಂಡು ಹೋಗುತ್ತಾರೆ. ತಪ್ಪು ಮಾಡಿದ್ದೇವೆ ಎಂದಲ್ಲ. ಫೋಟೊ ಹಳೆಯದಾಗಿ ಮುಖ ಬದಲಾಗಿದ್ದರೂ ಹೀಗಾಗುತ್ತದೆ. ಅವ್ವನಿಗೆ ಅಳುಕು ಇದ್ದರೆ ಒತ್ತಾಯ ಮಾಡಬೇಡಿ, ಅಲ್ಲಿರುವ ಸಿಬ್ಬಂದಿಗೆ ಹೇಳಿ. ವೀಲ್‌ಚೇರ್‌ನವರಿಗೆ, ಸಣ್ಣ ಮಕ್ಕಳ ಕುಟುಂಬಗಳಿಗೆ ಚಾಂಗಿಯಲ್ಲಿ ಅಗಲವಾದ ಬೇರೆ ಸಾಲುಗಳೇ ಇವೆ. ಹೋಟೆಲ್ ಹೆಸರು, ನಿಮ್ಮ ಮೊಬೈಲ್ ನಂಬರ್ ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ ಮತ್ತು ಕಾರ್ಡ್‌ನ ಪ್ರಿಂಟ್ ಅವ್ವನ ಪಾಸ್‌ಪೋರ್ಟಿನ ಜೊತೆಗೇ ಇರಲಿ. ಎಲ್ಲಾ ನಿಮ್ಮ ಒಬ್ಬರ ಮೊಬೈಲಿನಲ್ಲೇ ಇದ್ದರೆ ಗೇಟಿನ ಆ ಕಡೆ ಈ ಕಡೆ ಆದಾಗ ಪೇಚಾಟವಾಗುತ್ತದೆ.

ಬೆಂಗಳೂರಿನಲ್ಲೂ ಇಂಥ ಗೇಟ್ ಇದೆ, ಆದರೆ ಅದಕ್ಕೆ ಮೊದಲೇ ನೋಂದಣಿ ಆಗಿರಬೇಕು. ಕೇಂದ್ರ ಗೃಹ ಇಲಾಖೆಯ ಈ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಯೋಜನೆ 2024ರ ಜೂನ್ 22ರಂದು ದೆಹಲಿಯಲ್ಲಿ ಶುರುವಾಯಿತು. 2025ರ ಜನವರಿ 16ರಂದು ಬೆಂಗಳೂರು, ಮುಂಬೈ ಸೇರಿ ಇನ್ನೂ 7 ಏರ್‌ಪೋರ್ಟ್‌ಗಳಿಗೆ ಬಂತು. ಇದೂ ಉಚಿತ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಅದು ಪರಿಶೀಲನೆ ಆದಮೇಲೆ ಬೆರಳಚ್ಚು, ಮುಖದ ಚಿತ್ರ ಕೊಡಬೇಕು. ಹೆಚ್ಚೆಂದರೆ 5 ವರ್ಷ ನಡೆಯುತ್ತದೆ, ಪಾಸ್‌ಪೋರ್ಟ್ ಅವಧಿ ಅದಕ್ಕೂ ಮೊದಲು ಮುಗಿದರೆ ಅಲ್ಲಿಗೇ ಮುಗಿಯುತ್ತದೆ. ವರ್ಷದಲ್ಲಿ ನಾಲ್ಕಾರು ಸಲ ವಿದೇಶಕ್ಕೆ ಓಡಾಡುವ ವ್ಯಾಪಾರಸ್ಥರಿಗೆ, ಹೊರಗೆ ಕೆಲಸದಲ್ಲಿರುವ ಮಕ್ಕಳಿಗೆ ಬಹಳ ಒಳ್ಳೆಯದು. ಒಂದು ಪ್ರವಾಸಕ್ಕೆಂದು ಹೋಗುವ ಅಪ್ಪ-ಅವ್ವನಿಗೆ ಇದರ ಓಡಾಟ ಬೇಡ ಎನ್ನುವುದು ನನ್ನ ಅಭಿಪ್ರಾಯ. ಹೊಲದಲ್ಲಿ ದುಡಿದು ಬೆರಳಿನ ಗೆರೆ ಸವೆದವರಿಗೆ ಬೆರಳಚ್ಚು ಕೊಡುವುದೇ ಒಂದು ಕಷ್ಟ. ಅಧಿಕಾರಿ ಕುಳಿತ ಕೌಂಟರ್ ಇದ್ದೇ ಇದೆ. ಮೊಬೈಲಿನಲ್ಲಿ ಡಿಜಿಯಾತ್ರಾ ಇದೆಯಲ್ಲ ಎನ್ನಬೇಡಿ. ಅದು ದೇಶದೊಳಗಿನ ವಿಮಾನಕ್ಕೆ ಏರ್‌ಪೋರ್ಟ್ ಒಳಗೆ ಬಿಡುವ ವ್ಯವಸ್ಥೆ, ಇಮಿಗ್ರೇಷನ್‌ಗೂ ಅದಕ್ಕೂ ಸಂಬಂಧವಿಲ್ಲ.

ವಾಪಸ್ ಬರುವಾಗ ನಿಮಗೆ ಯಾವ ಕಾರ್ಡೂ ಬೇಡ. 2025ರ ಅಕ್ಟೋಬರ್ 1ರಿಂದ ಭಾರತವೂ ಇ-ಅರೈವಲ್ ಕಾರ್ಡ್ ತಂದಿದೆ, ಆದರೆ ಅದು ವಿದೇಶಿಯರಿಗೆ. ಭಾರತೀಯ ಪಾಸ್‌ಪೋರ್ಟ್ ಇದ್ದವರು ಹೊರಡುವಾಗ ತುಂಬುತ್ತಿದ್ದ ಕಾಗದದ ಕಾರ್ಡ್ ಕೂಡ 2017ರ ಜುಲೈ 1ರಿಂದ ಏರ್‌ಪೋರ್ಟ್‌ಗಳಲ್ಲಿ ನಿಂತುಹೋಗಿದೆ. ಹಾಗಾಗಿ ಬೆಂಗಳೂರಿನಲ್ಲಿ ಹೋಗುವಾಗ, ಬರುವಾಗ ತೋರಿಸಬೇಕಾದದ್ದು ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್ ಮತ್ತು ಹೋಗುವಾಗ ಸಿಂಗಾಪುರದ ವೀಸಾ.