ಬಾಸ್ಟನ್ನಿನ ಇಟಲಿ ಕೇರಿ ಉಳಿದದ್ದು ಹೇಗೆ?

ಅಮೆರಿಕದ ಬಾಸ್ಟನ್ ನಗರದ ನಾರ್ತ್ ಎಂಡ್‌ಗೆ ಈಗ ಹೋದವರು ಹ್ಯಾನೋವರ್ ಸ್ಟ್ರೀಟಿನಲ್ಲಿ ಕನೋಲಿ ಎಂಬ ಇಟಲಿಯ ಸಿಹಿತಿಂಡಿ ತಿನ್ನಲು ಕ್ಯೂ ನಿಲ್ಲುತ್ತಾರೆ. ಅಲ್ಲಿನ ಮನೆ ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. 1950ರ ದಶಕದಲ್ಲಿ ನಗರ ಯೋಜನೆ ಮಾಡುವವರ ಲೆಕ್ಕದಲ್ಲಿ ಇದೇ ಜಾಗ ಸ್ಲಂ ಆಗಿತ್ತು.

ಬಂದರಿನ ಪಕ್ಕದ ಈ ಕೇರಿಗೆ ಮೊದಲು ಐರಿಷ್ ಜನ ಬಂದರು, ಆಮೇಲೆ ಯಹೂದಿಗಳು. 19ನೇ ಶತಮಾನದ ಕೊನೆಯಿಂದ ದಕ್ಷಿಣ ಇಟಲಿಯ ಬಡವರು ಬಂದು ತುಂಬಿಕೊಂಡರು. ಒಂದೊಂದು ಬೀದಿಯಲ್ಲಿ ಒಂದೊಂದು ಸೀಮೆಯವರು. ಸಿಸಿಲಿಯ ಶಾಕ್ಕಾ ಊರಿನ ಮೀನುಗಾರರು ತಮ್ಮ ಮಾತೆ ಮೇರಿಯ ಹಬ್ಬವನ್ನೂ ಜೊತೆಗೇ ತಂದರು. ಅದು 1910ರಿಂದ ಪ್ರತಿ ಆಗಸ್ಟಿನಲ್ಲಿ ನಡೆಯುತ್ತಿದೆ. ಮೂರ್ತಿಯನ್ನು ಹೊತ್ತು ಬೀದಿ ಬೀದಿ ಸುತ್ತುತ್ತಾರೆ, ಭಕ್ತರು ಅದಕ್ಕೆ ಡಾಲರ್ ನೋಟು ಸಿಕ್ಕಿಸುತ್ತಾರೆ. ಕೊನೆಗೆ ದೇವದೂತೆಯ ವೇಷ ತೊಟ್ಟ ಪುಟ್ಟ ಹುಡುಗಿ ಹಗ್ಗದಲ್ಲಿ ತೇಲುತ್ತಾ ಜನರ ತಲೆ ಮೇಲೆ ಬರುತ್ತಾಳೆ. ನಮ್ಮೂರ ಜಾತ್ರೆ ಕಂಡವರಿಗೆ ಇದೇನು ಹೊಸದಲ್ಲ, ಅಲ್ವಾ?

ಹಬ್ಬ ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಇಕ್ಕಟ್ಟಿನ ಮನೆಗಳು, ಬಂದರಿನ ಕೂಲಿ. ಇವರ ಮಾತಿಗೆ ಎಷ್ಟು ಬೆಲೆ ಇತ್ತು ಅನ್ನುವುದಕ್ಕೆ ಕಾಕಂಬಿಯ (ಸಕ್ಕರೆ ತೆಗೆದ ಮೇಲೆ ಉಳಿಯುವ ಗಟ್ಟಿ ಪಾಕ) ಕತೆಯೇ ಸಾಕು. 1915ರಲ್ಲಿ ಒಂದು ಮದ್ಯಸಾರ ಕಂಪನಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ 50 ಅಡಿ ಎತ್ತರದ ಕಾಕಂಬಿ ಟ್ಯಾಂಕ್ ಕಟ್ಟಿತು. ಅದು ಮೊದಲಿನಿಂದಲೂ ಸೋರುತ್ತಿತ್ತು. ಮಕ್ಕಳು ಡಬ್ಬಿ ತಂದು ಸೋರಿದ್ದನ್ನು ಹಿಡಿದುಕೊಂಡು ಹೋಗುತ್ತಿದ್ದರು. ಕಂಪನಿ ಸೋರಿಕೆ ಕಾಣದಂತೆ ಕಂದು ಬಣ್ಣ ಬಳಿಸಿತು! 1919ರ ಜನವರಿ 15ರಂದು ಟ್ಯಾಂಕ್ ಒಡೆದು ಸುಮಾರು 23 ಲಕ್ಷ ಗ್ಯಾಲನ್ ಕಾಕಂಬಿ ಬೀದಿಗೆ ನುಗ್ಗಿತು. 21 ಜನ ಸತ್ತರು. ಸುತ್ತ ಇದ್ದವರಲ್ಲಿ ಬಹಳ ಜನರಿಗೆ ಇನ್ನೂ ಪೌರತ್ವ ಇರಲಿಲ್ಲ, ಓಟೂ ಇರಲಿಲ್ಲ. ಟ್ಯಾಂಕ್ ಅಲ್ಲೇ ಏಳಲು ಅದೂ ಒಂದು ಕಾರಣ ಅನ್ನದೆ ಇರುವುದು ಕಷ್ಟ.

ಮುಂದೆ ಬ್ಯಾಂಕುಗಳೂ ಇಲ್ಲಿನ ಮನೆಗಳಿಗೆ ಸಾಲ ಕೊಡಲು ಹಿಂದೇಟು ಹಾಕಿದವು. ಜನ ಕೈಯಲ್ಲಿದ್ದ ಕಾಸಿನಲ್ಲೇ ರಿಪೇರಿ ಮಾಡಿಕೊಂಡರು. ಗಾರೆಯವನು ಪ್ಲಂಬರ್ ಮನೆಯ ಗೋಡೆ ಸರಿಮಾಡಿದರೆ, ಪ್ಲಂಬರ್ ಅವನ ಮನೆಯ ನಲ್ಲಿ ಹಾಕಿಕೊಡುವ ಲೆಕ್ಕ. ಅತ್ತ ಪಕ್ಕದ ವೆಸ್ಟ್ ಎಂಡ್‌ನಲ್ಲೂ ಇಟಲಿಯವರೇ ಜಾಸ್ತಿ ಇದ್ದರು. 1958ರಿಂದ ಸರ್ಕಾರ ‘ಸ್ಲಂ ತೆರವು’ ಅಂತ ಅದನ್ನು ನೆಲಸಮ ಮಾಡಿತು. ಸಾವಿರಾರು ಕುಟುಂಬಗಳು ಚೆದುರಿಹೋದವು. ಎರಡೂ ಕೇರಿಗಳ ಬದುಕಿನಲ್ಲಿ ಅಂಥ ದೊಡ್ಡ ವ್ಯತ್ಯಾಸವೇನೂ ಇರಲಿಲ್ಲ. ಒಂದಕ್ಕೆ ಬುಲ್ಡೋಜರ್ ಬಂತು, ಇನ್ನೊಂದಕ್ಕೆ ಬರಲಿಲ್ಲ.

ನಾರ್ತ್ ಎಂಡ್‌ಗೆ ಬಂದದ್ದು ಮೇಲ್ಸೇತುವೆ ಹೆದ್ದಾರಿ. 1950ರ ದಶಕದಲ್ಲಿ ಎದ್ದ ಅದು ಕೇರಿಯನ್ನು ಊರಿನಿಂದ ಕತ್ತರಿಸಿ ಹಾಕಿತು. ಮುಂದೆ ಹೆದ್ದಾರಿಯನ್ನು ಸುರಂಗಕ್ಕೆ ಇಳಿಸಿ, 2008ರ ಹೊತ್ತಿಗೆ ಮೇಲೆ ಪಾರ್ಕ್ ಮಾಡಿದರು. ಬೆಲೆ ಇನ್ನಷ್ಟು ಏರಿತು. ಹಳೆಯ ಕುಟುಂಬಗಳ ಮಕ್ಕಳು ಆಗಲೇ ಬಾಸ್ಟನ್ ಹೊರಗಿನ ಮೆಡ್‌ಫರ್ಡ್, ರಿವಿಯರ್ ಊರುಗಳ ಕಡೆ ಮನೆ ಮಾಡಿದ್ದರು. ಈಗ ಹಬ್ಬಕ್ಕೆ ಬಂದು ಹೋಗುತ್ತಾರೆ.

ಈಚಿನ ಜಗಳವೂ ಜಾಗದ್ದೇ. 2022ರಲ್ಲಿ ರಸ್ತೆಯಲ್ಲಿ ಟೇಬಲ್ ಹಾಕಲು ನಾರ್ತ್ ಎಂಡ್ ಹೋಟೆಲುಗಳಿಗೆ ಮಾತ್ರ ನಗರಾಡಳಿತ 7,500 ಡಾಲರ್ ಶುಲ್ಕ ಹಾಕಿತು. ಕಸ, ಗದ್ದಲ, ಪಾರ್ಕಿಂಗ್ ಸಾಕಾಗಿದೆ ಎಂದು ಅಲ್ಲಿ ವಾಸವಿರುವವರು ದೂರುತ್ತಿದ್ದರು. ಹೋಟೆಲಿನವರು ಕೋರ್ಟಿಗೆ ಹೋದರು.