ದಾರ ನೆಟ್ಟಗಿದ್ದರೆ ಗೆರೆ ಅಡ್ಡ

ಕಿರುಚಿತ್ರ ಮಾಡುವ ಹುಡುಗರ ಫೋನ್ ಬಂತೆಂದರೆ ವಿಷಯ ಬಹುಪಾಲು ಇದೇ. "ಸರ್, ಲೆನ್ಸ್ ಮುಂದೆ ಗಾಳದ ನೈಲಾನ್ ದಾರ ಕಟ್ಟಿದೆವು. ಅನಮಾರ್ಫಿಕ್ ಫ್ಲೇರ್ ಅಡ್ಡ ಬರಬೇಕಿತ್ತು, ಮೇಲಿಂದ ಕೆಳಕ್ಕೆ ಬಂದಿದೆ." ಅನಮಾರ್ಫಿಕ್ ಫ್ಲೇರ್ ಅಂದರೆ ಸಿನಿಮಾಗಳಲ್ಲಿ ದೀಪದಿಂದ ಅಡ್ಡಲಾಗಿ ಚಾಚುವ ಬೆಳಕಿನ ಗೆರೆ. ದಾರ ಹೇಗೆ ಕಟ್ಟಿದ್ರಿ ಅಂತ ಕೇಳಿದರೆ, "ಅಡ್ಡಕ್ಕೇ ಸರ್. ಗೆರೆ ಅಡ್ಡ ಬೇಕಲ್ವಾ?"

ಬೇಡ. ಗೆರೆ ಅಡ್ಡ ಬೇಕಿದ್ದರೆ ದಾರ ಮೇಲಿಂದ ಕೆಳಕ್ಕೆ ಇರಬೇಕು. ನೈಲಾನ್ ದಾರವೂ ಒಂದು ಸಣ್ಣ ಸಿಲಿಂಡರ್ ಲೆನ್ಸೇ. ಉದ್ದಕ್ಕೆ ಅದು ನೇರ, ಅಗಲಕ್ಕೆ ಮಾತ್ರ ದುಂಡಗೆ. ಹಾಗಾಗಿ ಬೆಳಕನ್ನು ತನ್ನ ಎರಡು ಪಕ್ಕಕ್ಕಷ್ಟೇ ಹರಡುತ್ತದೆ. ನಂಬಿಕೆ ಬರದಿದ್ದರೆ ರಾತ್ರಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ನೋಡಿ. ಜಿಡ್ಡು ಹಿಡಿದ ಗಾಜಿನ ಮೇಲೆ ವೈಪರ್ ಆಡಿದ ಮೇಲೆ ಎದುರಿನ ಲಾರಿಯ ಹೆಡ್‌ಲೈಟ್ ಉದ್ದ ಗೆರೆ ಬಿಡುತ್ತದೆ. ವೈಪರ್ ಎಳೆದ ದಿಕ್ಕಿಗೆ ಅಡ್ಡವಾಗಿ. ಇಲ್ಲೂ ಅದೇ ಲೆಕ್ಕ.

ನಿಜವಾದ ಅನಮಾರ್ಫಿಕ್ ಲೆನ್ಸ್‌ನಲ್ಲೂ ಇರುವುದು ಸಿಲಿಂಡರ್ ಗಾಜೇ. ಫ್ರಾನ್ಸಿನ ಆನ್ರಿ ಕ್ರೆತ್ಯಾಂ ರೂಪಿಸಿದ ಇಂಥ ಲೆನ್ಸ್ ಆಧಾರದ ಮೇಲೆ 1953ರಲ್ಲಿ ಸಿನಿಮಾಸ್ಕೋಪ್ ಬಂತು. ಅಗಲದ ದೃಶ್ಯವನ್ನು 35 ಎಂಎಂ ಫಿಲ್ಮಿನೊಳಗೆ ಅರ್ಧ ಅಗಲಕ್ಕೆ ಹಿಂಡುವುದು ಅದರ ಕೆಲಸ. ಗೆರೆ ಜೊತೆಗೆ ಬಂದದ್ದು. ನಮ್ಮ ದಾರ ಏನನ್ನೂ ಹಿಂಡುವುದಿಲ್ಲ, ಗೆರೆ ಮಾತ್ರ ಕೊಡುತ್ತದೆ. ಮೊಟ್ಟೆ ಆಕಾರದ ಬೊಕೆ, ಅಂದರೆ ಹಿನ್ನೆಲೆಯಲ್ಲಿ ಮಬ್ಬಾಗಿ ಕಾಣುವ ಬೆಳಕಿನ ಚುಕ್ಕಿ, ಬೇಕಿದ್ದರೆ ಕಪ್ಪು ಚಾರ್ಟ್ ಪೇಪರಿನಲ್ಲಿ ಅದೇ ಆಕಾರದ ತೂತು ಬೇರೆ ಕತ್ತರಿಸಬೇಕು.

ಲೆನ್ಸ್ ಮುಂದೆ ತಿರುಗಿಸಿ ಕೂರಿಸುವ ಹಳೆಯ ಯುವಿ ಫಿಲ್ಟರಿನ ಗಾಜು ತೆಗೆದು ರಿಂಗ್ ಇಟ್ಟುಕೊಳ್ಳಿ. ಮೊದಲು ಬರೀ ರಿಂಗನ್ನು ಲೆನ್ಸಿಗೆ ಪೂರ್ತಿ ತಿರುಗಿಸಿ ಕೂರಿಸಿ. ಮೇಲೆ ಬಂದ ಜಾಗಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿ. ಆಮೇಲೆ ಬಿಚ್ಚಿ, ಆ ಗುರುತಿನಿಂದ ಕೆಳಕ್ಕೆ 0.3 ಎಂಎಂ ದಾರದ ಒಂದೇ ಎಳೆ ಬಿಗಿದು ಟೇಪ್ ಅಂಟಿಸಿ. ಗುರುತಿಲ್ಲದೆ ಸುಮ್ನೆ ಕಟ್ಟಿದರೆ, ಕೂರಿಸಿದ ಮೇಲೆ ದಾರ ಸೊಟ್ಟಗೆ ನಿಲ್ಲುತ್ತದೆ. ಕ್ಯಾಮೆರಾ ಜೊತೆಗೇ ಬರುವ ಕೆಲವು ಹಳೆಯ ಕಿಟ್ ಲೆನ್ಸ್‌ಗಳಲ್ಲಿ ಫೋಕಸ್ ಮಾಡಿದರೆ ಮುಂಭಾಗವೇ ತಿರುಗುತ್ತದೆ. ಗೆರೆಯೂ ತಿರುಗುತ್ತದೆ. ಫೋಕಸ್ ಮುಗಿಸಿ ಆಮೇಲೆ ನೇರ ಮಾಡಿಕೊಳ್ಳಿ.

50 ಎಂಎಂ ಲೆನ್ಸ್, ಎಫ್ 1.8 ಅಥವಾ 2 ಒಳ್ಳೆಯದು. ಎಫ್ ಅಂಕಿ ಕಡಿಮೆಯಾದಷ್ಟು ಲೆನ್ಸಿನೊಳಗಿನ ತೂತು ದೊಡ್ಡದು. ಎಫ್ 8ಕ್ಕೆ ಹೋದರೆ ದಾರವೇ ಮಬ್ಬು ಪಟ್ಟಿಯಾಗಿ ಕಾಣಬಹುದು. ಲೆನ್ಸಿನಿಂದ ಲೆನ್ಸಿಗೆ ವ್ಯತ್ಯಾಸ ಇರುತ್ತದೆ, ಶೂಟಿಂಗ್ ಹಿಂದಿನ ದಿನವೇ ಪರೀಕ್ಷೆ ಮಾಡಿ. ಬೆಳಕು ಚಿಕ್ಕದಾಗಿ, ಜೋರಾಗಿ ಇರಲಿ, ಸುತ್ತ ಕತ್ತಲಿರಲಿ. ಮೊಬೈಲ್ ಟಾರ್ಚ್ ಸಾಕು. ಬಿಳಿ ಬೆಳಕಿಗೆ ಬಿಳಿ ಗೆರೆಯೇ. ನೀಲಿ ಬೇಕಾದರೆ ನೀಲಿ ದಾರ ಹುಡುಕಿ.

ಒಂದು ರಾತ್ರಿ ಶೂಟಿಂಗ್‌ನಲ್ಲಿ ಕ್ಯಾಮೆರಾ ಹಿಡಿದ ಹುಡುಗಿ ಬೈಕ್ ಹೆಡ್‌ಲೈಟಿನ ಎದುರು ನಿಂತು ರಿಂಗನ್ನು ನಿಧಾನಕ್ಕೆ ತಿರುಗಿಸಿದಳು. ಆಕಾಶಕ್ಕೆ ಎದ್ದು ನಿಂತಿದ್ದ ಗೆರೆ ವಾಲುತ್ತಾ ಬಂದು ರಸ್ತೆಯ ಮೇಲೆ ಅಡ್ಡಲಾಗಿ ಮಲಗಿತು. ಮಾನಿಟರ್ ಸುತ್ತ ನಿಂತಿದ್ದವರೆಲ್ಲ ಹೋ ಎಂದು ಕೂಗಿದರು. ಅವಳ ಮುಖ ನೋಡಬೇಕಿತ್ತು.

ಲೆನ್ಸಿನ ಹಿಂದೆ ದಾರ ಅಂಟಿಸಬಹುದಾ ಅಂತಲೂ ಕೇಳುತ್ತೀರಿ. ಡಿಎಸ್‌ಎಲ್‌ಆರ್‌ನಲ್ಲಿ ಖಂಡಿತ ಬೇಡ. ಟೇಪ್ ಸಡಿಲವಾದರೆ ಒಳಗಿನ ಕನ್ನಡಿಗೆ ಸಿಕ್ಕಿಕೊಳ್ಳಬಹುದು. ಗಾಜಿಗೆ ನೇರವಾಗಿ ಅಂಟು ಹಚ್ಚುವುದಂತೂ ಯಾವ ಕ್ಯಾಮೆರಾದಲ್ಲೂ ಬೇಡ.